ಐದು ಬೆರಳಿನ ಮೀನು

ಡಿಸೆಂಬರ್ 2, ಸೋಮವಾರ

ಸಿರಾದ ಬೇಕರಿ ಕೆಲಸವನ್ನೂ ಬಿಟ್ಟು ಬಂದೆ. ಮಧುಗಿರಿಯ ಗಾರ್ಮೆಂಟ್ಸನ್ನು ಆಷಾಢಕ್ಕೇ ಬಿಟ್ಟಿದ್ದೆ. ಅದಕ್ಕೂ ಮೊದಲು ಪಿಯುಸಿ ಬಿಟ್ಟಿದ್ದೆ. ಬೇಕರಿಯ ಸಾಹೇಬರು ಒಳ್ಳೆಯವರು. "ಯಾಕೆ ಬೇಟಿ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದರು. ಯಾರೂ ಏನೂ ಅಂದಿಲ್ಲ, ರಸ್ಕ್ ತುಂಬುವ ಪ್ಲಾಸ್ಟಿಕ್ ಕವರಿನ ಸದ್ದು ನನಗೆ ಆಗುವುದಿಲ್ಲ ಅಂದೆ. ಅವರು ಒಂದು ದಿಲ್‌ಪಸಂದ್ ಕಟ್ಟಿಕೊಟ್ಟರು. ಅದನ್ನೂ ಪ್ಲಾಸ್ಟಿಕ್ಕಿನಲ್ಲೇ ಕಟ್ಟಿದ್ದರು. ಬಸ್ಸಿನಲ್ಲಿ ಪಕ್ಕದ ಮಗುವಿಗೆ ಕೊಟ್ಟುಬಿಟ್ಟೆ.

ಆ ಸದ್ದು ಏನೆಂದು ಇಲ್ಲಾದರೂ ಬರೆದಿಡುತ್ತೇನೆ. ನನ್ನ ತಮ್ಮ ಅರುಣ ಕಳೆದ ಪುಷ್ಯದ ಅವರಾತ್ರಿ ಅಮಾವಾಸ್ಯೆಯ ಹಿಂದಿನ ದಿನ ಕೃಷಿ ಹೊಂಡಕ್ಕೆ ಜಾರಿ ಹೋದ. ಹೊಂಡದ ಸುತ್ತ ಹಾಸಿದ್ದ ಕರಿ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಲೋಳೆಗಟ್ಟಿತ್ತು. ಅವನಿಗೆ ಈಜು ಬರುತ್ತಿತ್ತು, ಹತ್ತಲು ಮಾತ್ರ ಆಗಲಿಲ್ಲ. ಅವನನ್ನು ಎತ್ತಿದ ಮೇಲೆ ನಾನು ನೋಡಿದೆ. ಪಾಚಿಯ ಮೇಲೆ ಉಗುರು ಎಳೆದ ಐದು ಗೆರೆ, ಅದರ ಪಕ್ಕ ಇನ್ನೈದು, ಅದರ ಕೆಳಗೆ ಇನ್ನೈದು. ಹೊಂಡದ ಹತ್ತಿರ ಆಗ ಯಾರೂ ಇರಲಿಲ್ಲ. ಪ್ಲಾಸ್ಟಿಕ್ ಮೇಲೆ ಉಗುರು ಉಜ್ಜಿದ ಆ ಸದ್ದನ್ನು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಆದರೂ ಅದು ನನಗೆ ಕೇಳುತ್ತದೆ.

ಡಿಸೆಂಬರ್ 5, ಗುರುವಾರ

ಮಧ್ಯಾಹ್ನ ಕಲ್ಯಾಣಿಗೆ ಹೋಗಿದ್ದೆ. ಮಿಡಿಗೇಶಿ ಕಡೆಯಿಂದ ಬರುವ ಗಾಳಿ ಈಗಲೇ ತಣ್ಣಗಾಗಿದೆ. ನೀರಿಗೆ ಕಾಲಿಟ್ಟರೆ ಮೂಳೆಗೆ ಹತ್ತುತ್ತದೆ.

ನಮ್ಮೂರಲ್ಲಿ ನೀರಿಗೆ ಬಿದ್ದು ಹೋದವರ ಹೆಸರಲ್ಲಿ ಗಂಗಮ್ಮನ ಗುಡಿಯ ಹಿಂದಿನ ಕಲ್ಯಾಣಿಗೆ ಒಂದು ಮೀನು ಬಿಡುತ್ತಾರೆ. ಗುರುತಿಗೆ ಅದರ ಬೆನ್ನ ರೆಕ್ಕೆಗೆ ತೆಳ್ಳನೆಯ ಬೆಳ್ಳಿ ಕೊಂಡಿ. ಅಮಾವಾಸ್ಯೆಗೊಮ್ಮೆ ಪೂಜಾರಿ ಚಿಕ್ಕನರಸಯ್ಯ ಆ ಮೀನುಗಳನ್ನು ಬಲೆಯಲ್ಲಿ ಎತ್ತಿ, ಹೊಸ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ ಬಿಡುತ್ತಾನೆ. ವರ್ಷ ತುಂಬುವ ಅಮಾವಾಸ್ಯೆಗೆ ಹೆತ್ತವಳು ಆ ಮೀನನ್ನು ಮಡಿಲಿಗೆ ತುಂಬಿಸಿಕೊಂಡು ಮತ್ತೆ ನೀರಿಗೆ ಬಿಡಬೇಕು. ಆಗ ಹೋದವನು ದಡ ಮುಟ್ಟುತ್ತಾನೆ ಎಂದು ನಂಬಿಕೆ. ಅಷ್ಟರೊಳಗೆ ಮೀನು ಸತ್ತರೆ ಅವನು ಬಿದ್ದ ನೀರಿನ ಅಂಚಿನಲ್ಲೇ ಉಳಿಯುತ್ತಾನಂತೆ, ಹತ್ತಲಾಗದೆ.

ನಾನು ಇದನ್ನು ನಂಬುವುದಿಲ್ಲ. ಅವ್ವ ನಂಬುತ್ತಾಳೆ. ಬರುವ ಅವರಾತ್ರಿ ಅಮಾವಾಸ್ಯೆಗೆ ಉಡಲು ಹಸಿರು ಸೀರೆಯೊಂದನ್ನು ಈಗಲೇ ಒಗೆದು ಮಡಿಸಿ ಇಟ್ಟಿದ್ದಾಳೆ.

ಅರುಣನ ಹೆಸರಿನದು ಗೆಂಡೆ ಮೀನು, ಒಂದೂವರೆ ಗೇಣುದ್ದ ಇದೆ. ಕಡ್ಲೆಪುರಿ ಉದುರಿಸಿದರೆ ಸೀದಾ ಕೈಗೇ ಬರುತ್ತದೆ. ಬೇರೆ ಮೀನು ಬರುವುದಿಲ್ಲ. ಎರಡು ಕೈಯಲ್ಲಿ ಮೇಲೆತ್ತಿದೆ. ಮೈತುಂಬ ಲೋಳೆ. ಹೊಂಡದ ಪಾಚಿ ನೋಡಿದ ಮೇಲೆ ನನಗೆ ಲೋಳೆ ಆಗುವುದಿಲ್ಲ. ವೇಲಿನಲ್ಲಿ ಒರೆಸಿ ಬಲಗೈಯಲ್ಲಿ ಹಿಡಿದೆ. ಈಗ ಜಾರಲಿಲ್ಲ. ಬಾಯಿ ತೆರೆದು ಮುಚ್ಚಿ ನನ್ನನ್ನೇ ನೋಡಿತು. ಅಷ್ಟು ಹೊತ್ತೂ ಆ ಸದ್ದು ಕೇಳಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಹೋಗಿದ್ದೆ. ಒರೆಸಿ ಹಿಡಿದೆ. ಸದ್ದಿಲ್ಲ.

ಡಿಸೆಂಬರ್ 11, ಬುಧವಾರ

ದಿನಾ ಮಧ್ಯಾಹ್ನ ಎಲ್ಲಿಗೆ ಹೋಗುತ್ತೀಯ ಎಂದು ಸಣ್ಣಕ್ಕ ಕೇಳಿದಳು. ಅವಳು ವೈ.ಎನ್. ಹೊಸಕೋಟೆ ಕಡೆಯವಳು. ಪಕ್ಕದ ಮನೆಗೆ ಸೊಸೆಯಾಗಿ ಬಂದು ನನ್ನ ವಯಸ್ಸಿನಷ್ಟು ವರ್ಷವಾಗಿದ್ದರೂ ಬೈಯುವಾಗ ತೆಲುಗೇ ಬರುತ್ತದೆ. ಮೀನು ನೋಡಲು ಅಂದೆ.

"ಮಟ್ಟ ಮಧ್ಯಾಹ್ನ ಒಬ್ಳೇ ನೀರತ್ರ ಹೋಗ್ತೀಯೇನೇ? ದೇವುಡಾ! ಲಕ್ಷ್ಮಕ್ಕ, ನಿನ್ ಮಗಳಿಗೆ ಒಸಿ ಬುದ್ಧಿ ಹೇಳು."

ಅವ್ವ ಕಡ್ಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಹೋಗ್ಲಿ ಬುಡು, ಅವಳ ತಮ್ಮ ಅಲ್ವಾ" ಅಂದಳು.

ನನ್ನ ತಮ್ಮನಲ್ಲ, ಮೀನು ಅಂದೆ. ಅವ್ವ ಇನ್ನೊಂದು ಹಿಡಿ ಕಾಯಿ ಮೊರಕ್ಕೆ ಎಳೆದುಕೊಂಡಳು. ನನಗೆ ಯಾವಾಗಲೂ ಹೀಗೇ, ನಿಜ ಬಾಯಿಗೆ ಬಂದ ಮೇಲೆ ನಿಲ್ಲುವುದಿಲ್ಲ. ಅರುಣ ಹೇಳುತ್ತಿದ್ದ, "ನಿನ್ ನಾಲಿಗೆನೂ ನಿನ್ ಕಿರುಬೆರಳಿನ ತರ ಕಣಕ್ಕಾ, ಸೊಟ್ಟ. ಯಾರು ಎಳುದ್ರೂ ನೆಟ್ಟಗಾಗಲ್ಲ." ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ ಬೆರಳು ಅದು. ಸಿಕ್ಕಿಸಿದ್ದು ಅವನೇ.

ಡಿಸೆಂಬರ್ 19, ಗುರುವಾರ

ಬೆಳಗ್ಗೆ ಬೆಟ್ಟ ಕಾಣದಷ್ಟು ಮಂಜು. ಅಪ್ಪ ಬೋರ್‌ವೆಲ್ ಲಾರಿಯಲ್ಲಿ ಬಳ್ಳಾರಿ ಕಡೆ ಇದ್ದಾನೆ. ಫೋನು ಮಾಡಿ, ಹಬ್ಬಕ್ಕೆ ಬರುವುದಿಲ್ಲ, ಅಮಾವಾಸ್ಯೆಗೂ ಬರುವುದಿಲ್ಲ ಅಂದ. ಅವ್ವ "ಆಯ್ತು" ಅಂದು ಫೋನು ನನ್ನ ಕೈಗೆ ಕೊಟ್ಟಳು. ಅಪ್ಪನಿಗೆ ಕಲ್ಯಾಣಿ ನೋಡಲಾಗುವುದಿಲ್ಲ, ನನಗೆ ಹೊಂಡ ನೋಡಲಾಗುವುದಿಲ್ಲ. ಅವ್ವನಿಗೆ ಏನು ನೋಡಲಾಗುವುದಿಲ್ಲ ಎಂದು ಯಾರೂ ಕೇಳಿಲ್ಲ.

ಮೀನು ಪುರಿ ತಿನ್ನಲಿಲ್ಲ. ಮೆಟ್ಟಿಲಿಗೆ ಮೈ ಉಜ್ಜುತ್ತಿತ್ತು. ಎತ್ತಿದಾಗ ನನ್ನ ಕೈಯಲ್ಲಿ ಒದ್ದಾಡಲೂ ಇಲ್ಲ. ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಡಿಸೆಂಬರ್ 30, ಸೋಮವಾರ, ಎಳ್ಳು ಅಮಾವಾಸ್ಯೆ

ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಚಿಕ್ಕನರಸಯ್ಯ ಬಲೆ ಎತ್ತಿದ. ಉಳಿದ ಮೀನುಗಳ ಮೈಮೇಲೂ ಅಲ್ಲೊಂದು ಇಲ್ಲೊಂದು ಕೆಂಪು ಕಲೆ ಇತ್ತು. ಅರುಣನ ಮೀನನ್ನು ಬಟ್ಟೆಯ ಮೇಲೆ ಇಟ್ಟಾಗ ಸಣ್ಣಕ್ಕ "ಅಮ್ಮಾ!" ಎಂದು ಎರಡು ಮೆಟ್ಟಿಲು ಹಿಂದೆ ಸರಿದಳು. ಮೀನಿನ ಒಂದು ಪಕ್ಕೆಯಲ್ಲಿ ಸಾಲಾಗಿ ನಾಲ್ಕು ಹುಣ್ಣು, ಇನ್ನೊಂದು ಪಕ್ಕೆಯಲ್ಲಿ ದಪ್ಪದೊಂದು. ಮೈಯ ಹೊಳೆಯುವ ಹುರುಪೆ ಉದುರಿ ಮಾಂಸ ಕಾಣುತ್ತಿತ್ತು. ಹುಣ್ಣಿನ ಮೇಲೆಲ್ಲ ಬಿಳಿ ಹತ್ತಿ ಬೆಳೆದಿತ್ತು. ಅರುಣನ ಮೂಗಿಗೆ ಇಟ್ಟಿದ್ದಂಥದೇ ಹತ್ತಿ.

ಬೆರಳಿನ ಗುರುತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಕಂಡಿತ್ತು. ನನಗೆ ಪಾಚಿಯ ಮೇಲಿನ ಗೆರೆ ಕಂಡಿತು. ಐದು, ಪಕ್ಕದಲ್ಲಿ ಇನ್ನೈದು. ಆ ಸದ್ದು ಎಷ್ಟು ಜೋರಾಗಿ ಎದ್ದಿತೆಂದರೆ ಪೂಜಾರಿ ಏನು ಹೇಳುತ್ತಿದ್ದಾನೆಂದೇ ಕೇಳಲಿಲ್ಲ.

ಆಮೇಲೆ ಕೇಳಿತು. "ಯಾರ್ ಮಾಡಿದ್ದಿದು? ಈ ಮೀನ ಯಾರ್ ಮುಟ್ಟಿದ್ದು?" ಎಂದು ಸುತ್ತ ನೋಡುತ್ತಿದ್ದ.

ಅವ್ವ ಮುಂದೆ ಬಂದು ಕೂತು, ಬಗ್ಗಿ, ಆ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, "ಇದು ನನ್ ಮಗನ್ ಕೈ" ಅಂದಳು. "ಅವ್ನೇ ಹಿಡ್ಕಂಡವ್ನೆ. ಯಾರ್ನೂ ಕೇಳ್ಬ್ಯಾಡಿ ಪೂಜಾರ್ರೇ."

ಪೂಜಾರಿ ಗುರುತಿನ ಮೇಲೆಲ್ಲ ಅರಿಶಿನ ಮೆತ್ತಿ, ಬಟ್ಟೆಯಲ್ಲಿ ತಿಕ್ಕಿ, ಮತ್ತೆ ಮೆತ್ತಿದ. ಇನ್ನು ಪ್ರತಿ ಸೋಮವಾರವೂ ಹೀಗೆ ಮಾಡಬೇಕು, ವರ್ಷದ ಅಮಾವಾಸ್ಯೆಗೆ ಮಡಿಲು ತುಂಬಿಸಿದರೆ ಶಾಂತಿಯಾಗುತ್ತದೆ ಅಂದ. ನೀರಿಗೆ ಬಿಟ್ಟಾಗ ಮೀನು ಒಂದು ಮಗ್ಗುಲಾಗಿ ತೇಲಿ, ತಡೆದು ತಡೆದು ಮುಳುಗಿತು.

ನನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡಿದ್ದೇನೆ.

ಜನವರಿ 1, ಬುಧವಾರ

ಕಲ್ಯಾಣಿಗೆ ಹೋಗಲಿಲ್ಲ. ಹೆದರಿಕೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡೆ, ಆಗಲಿಲ್ಲ. ಅವನ ಕೈ ಮೀನಿನ ಮೈಗೆ ಬಂದಿದ್ದರೆ ಇನ್ನೆಲ್ಲಿಗೆ ಬರುವುದಿಲ್ಲ? ಸ್ನಾನ ಮಾಡುವಾಗ ಬೆನ್ನು ಮುಟ್ಟಿ ನೋಡಿಕೊಂಡೆ.

ಜನವರಿ 4, ಶನಿವಾರ

ಉಳಿದ ಮೀನುಗಳ ಮೈಮೇಲೂ ಕಲೆ ಯಾಕೆ ಎಂದು ಕೇಳಲು ಹೊಳವನಹಳ್ಳಿಗೆ ಹೋಗಿ ಬಂದೆ. ಅಲ್ಲಿ ಮೀನುಮರಿ ಸಾಕಿ ಕೆರೆಗಳಿಗೆ ಮಾರುವ ಒಬ್ಬ ಹೆಂಗಸಿದ್ದಾರೆ ಎಂದು ಬಸ್ಸಿನ ಕಂಡಕ್ಟರ್ ಹೇಳಿದ್ದ. ಮಧುಗಿರಿಯಲ್ಲಿ ಒಂದು ಬಸ್ಸು, ಕೊರಟಗೆರೆಯಲ್ಲಿ ಇನ್ನೊಂದು. ಬಸ್‌ಸ್ಟ್ಯಾಂಡಿನಿಂದ ನಡೆದೆ. ಹೆಸರು ಅನುಪಮಾ. ಪ್ಯಾಂಟಿನ ಮೇಲೆ ಗಂಡನ ಅಂಗಿ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

"ಏನ್ ಮೀನಮ್ಮಾ ನಿಂದು? ಸಾಕಿರೋದೋ, ತಿನ್ನೋದೋ?"

ಎರಡೂ ಅಲ್ಲ, ನಮ್ಮ ತಮ್ಮನ ಹೆಸರಿನದು ಅಂದು ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ದಡಕ್ಕೆ ಬಂದು ಕೈ ಒರೆಸಿಕೊಂಡು ಫೋಟೊ ದೊಡ್ಡದು ಮಾಡಿ ನೋಡಿದರು.

"ಇದು ಬೂಷ್ಟು ಕಣಮ್ಮ. ರೊಟ್ಟಿ ಮೇಲೆ ಹಿಡಿಯಲ್ವಾ, ಅದ್ರ ನೀರಿನ ತಂಗಿ. ಅದು ಎಲ್ಲಾ ನೀರಲ್ಲೂ ಇರ್ತದೆ. ಈ ಕೊಳದಲ್ಲೂ ಅದೆ."

ಹಾಗಾದರೆ ನಿಮ್ಮ ಮೀನಿಗೆ ಯಾಕೆ ಹತ್ತಿಲ್ಲ ಎಂದು ಕೇಳಿದೆ. ಅವರು ಕೈಯನ್ನು ನೀರಿನಲ್ಲಿ ಅದ್ದಿ, ಒಂದು ಮರಿಯನ್ನು ನೀರಿನೊಳಗೇ ಬೊಗಸೆಯಲ್ಲಿ ಹಿಡಿದು ತೋರಿಸಿದರು.

"ಬೆರಳಾಡ್ಸಿ ನೋಡು. ಲೋಳೆ. ಅದೇ ಅದ್ರ ಕೋಟೆ. ನಾವು ಗಾಳಿಲಿರೋರು, ಬೇಕಾದ್ರೆ ಬಾಗ್ಲಾಕ್ಕೋತೀವಿ. ಅದು ಹುಟ್ಟಿದಾಗಿಂದ ರೋಗದೊಳಗೇ ಮುಳುಗಿರ್ತದೆ. ಅದ್ಕೇ ಮೈತುಂಬ ಲೋಳೆ ಹೊದ್ಕಂಡಿರ್ತದೆ. ಆ ಲೋಳೆಯೊಳಗೆ ಕ್ರಿಮಿ ಕೊಲ್ಲೋ ಸಾರ ಅದೆ. ಕ್ರಿಮಿ ಬಂದು ಅಂಟ್ಕಂತು ಅನ್ನು, ಲೋಳೆ ಸಮೇತ ಜಾರಿಸ್ಬುಟ್ಟು ಹೊಸಾದು ಹೊದ್ಕತದೆ. ಹಗ್ಲೂ ರಾತ್ರಿ ಇದೇ ಕೆಲ್ಸ."

ಲೋಳೆ ಹೋದರೆ?

"ಆಮೇಲೆ ಹುರುಪೆ ಅದೆ, ಚರ್ಮ ಅದೆ. ಅದೂ ಹೋದ್ರೆ ರಕ್ತದೊಳಗಿಂದ ಕಾವ್ಲುಗಾರ್ರು ಓಡಿ ಬರ್ತಾರೆ. ನಮ್ಗೆ ಅವ್ರು ಮೂಳೆಯೊಳಗೆ ಹುಟ್ತಾರೆ. ಮೀನಿಗೆ ತಲೆ ಹಿಂದೆ, ಮೂತ್ರಪಿಂಡದೊಳಗೆ. ಆದ್ರೆ ಮೀನಿನ ಮೈಗೆ ಸ್ವಂತ ಕಾವಿಲ್ಲ ಕಣಮ್ಮ, ನೀರು ಹೆಂಗೋ ಅದೂ ಹಂಗೆ. ಈ ಚಳೀಲಿ ಕಾವ್ಲುಗಾರ್ರೂ ಕಂಬಳಿ ಹೊದ್ದು ಮಲಗ್ಬುಟ್ಟಿರ್ತಾರೆ. ಬೂಷ್ಟಿಗೆ ಮಾತ್ರ ಚಳಿ ಅಂದ್ರೆ ಹಬ್ಬ."

ಅರಿಶಿನ ಔಷಧಿ ತಾನೇ ಎಂದು ಕೇಳಿದೆ. ಅರಿಶಿನದ ತಪ್ಪಲ್ಲ, ತಿಕ್ಕುವುದು ತಪ್ಪು ಅಂದರು. ಒಣಗೈ, ಒಣಬಟ್ಟೆ ತಾಗಿದ ಕಡೆಯೆಲ್ಲ ಕೋಟೆ ಬಿದ್ದ ಹಾಗೆ. ಅಮಾವಾಸ್ಯೆಗೊಂದು ಸಲವಾದರೆ ಮೀನು ಹೇಗೋ ಸುಧಾರಿಸಿಕೊಳ್ಳುತ್ತದಂತೆ. "ಇದು ಅಷ್ಟಕ್ಕೆ ಆಗಿದ್ದಲ್ಲ. ಯಾರೋ ದಿನಾ ಒಂದೇ ಕಡೆ ಹಿಡಿದವ್ರೆ. ನೋಡು, ನಾಲ್ಕು ಈ ಕಡೆ, ಹೆಬ್ಬೆಟ್ಟು ಆ ಕಡೆ" ಎಂದು ಮೊಬೈಲಿನ ಮೇಲೆ ತಮ್ಮ ಕೈ ಇಟ್ಟು ತೋರಿಸಿದರು. ಅವರ ಕೈ ಸರಿಹೊಂದಲಿಲ್ಲ. "ಕಡೇ ಬೆರಳು ನೋಡು, ಒಳ್ಳೆ ಕುಡುಗೋಲು ಬಗ್ಗಿದಂಗದೆ."

ನಾನು ಕೈಯನ್ನು ವೇಲಿನೊಳಗೆ ಇಟ್ಟುಕೊಂಡಿದ್ದೆ.

ಜನವರಿ 5, ಭಾನುವಾರ

ಕಲ್ಯಾಣಿಗೆ ಹೋದೆ. ಮೀನು ಮೆಟ್ಟಿಲ ಪಕ್ಕವೇ ನಿಂತಿತ್ತು, ಕಿವಿರು ಮಾತ್ರ ಆಡುತ್ತಿತ್ತು. ನೀರಿನ ಮೇಲೆ ಅದರ ನೇರಕ್ಕೆ ಕೈ ಚಾಚಿದೆ, ಮುಟ್ಟಲಿಲ್ಲ. ಕೈಯ ನೆರಳು ಅದರ ಮೈಮೇಲೆ ಬಿತ್ತು. ಗುರುತಿನ ಮೇಲೆ ಬೆರಳುಗಳು ಒಂದೊಂದಾಗಿ ಕೂತವು. ಕಿರುಬೆರಳೂ ಕೂತಿತು.

ನನ್ನ ಕೈ.

ಜನವರಿ 6, ಸೋಮವಾರ

ನಿಜ ಹೇಳಬೇಕು. ಬೆಳಗ್ಗೆಯೇ ಅವ್ವನ ಎದುರು ಹೋಗಿ ನಿಂತೆ. ಅವಳು ಆ ಹಸಿರು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. "ಅವತ್ತು ಅವನ ಕೈ ನೋಡ್ದೆನಲ್ಲ, ಆವತ್ತಿಂದ ನಿದ್ದೆ ಬತ್ತಾ ಇದೆ ಕಣೆ" ಅಂದಳು. ಹನ್ನೊಂದು ತಿಂಗಳಲ್ಲಿ ಅವ್ವ ನಿದ್ದೆಯ ಮಾತಾಡಿದ್ದು ಇದೇ ಮೊದಲು.

ಹೇಳಲಿಲ್ಲ. ನೀರು ಕುಡಿದು ಹೊರಗೆ ಬಂದೆ.

ಗುಡಿಗೆ ಹೋಗಿ ಚಿಕ್ಕನರಸಯ್ಯನಿಗೆ ಅಷ್ಟು ಮಾತ್ರ ಹೇಳಿದೆ. ಬಟ್ಟೆಯಲ್ಲಿ ಒರೆಸಿದರೆ ಮೀನಿನ ಲೋಳೆ ಹೋಗುತ್ತದೆ, ಲೋಳೆ ಹೋದರೆ ಬೂಷ್ಟು ಹಿಡಿಯುತ್ತದೆ, ಇವತ್ತು ಎತ್ತಬೇಡಿ, ಅರಿಶಿನದ ಬದಲು ಉಪ್ಪು ಹಾಕಿಸಿ, ಉಪ್ಪಿಗೆ ಬೂಷ್ಟು ಬಿಡುತ್ತದಂತೆ ಅಂದೆ.

"ಉಪ್ಪು ನರೂಲಿಗೆ ಕಣಮ್ಮ, ಹೋದೋರಿಗಲ್ಲ" ಅಂದ. ಮೈಮೇಲೆ ನರೂಲಿ ಗಂಟು ಎದ್ದವರು ನಮ್ಮ ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕುವುದು ಉಂಟು.

"ಮೀನಿಗೂ ನರೂಲಿ ಆಗಿದೆ ಅಂದ್ಕೊಳ್ಳಿ."

ಅವನಿಗೆ ನಗು ಬಂತು. "ನಿನ್ ಬಾಯಿಗೆ ಒಂದಿನ ಗಂಗಮ್ಮನೇ ಬೀಗ ಹಾಕ್ಬೇಕು. ಅಮಾವಾಸ್ಯೆ ತಂಕ ಎತ್ತಲ್ಲ ಬುಡು. ನಂಗೂ ಬೆಳಗಾನೆ ಆ ನೀರಿಗಿಳಿದ್ರೆ ಮಂಡಿ ಹಿಡ್ಕತದೆ. ಆದ್ರೆ ವರ್ಷದ್ದು ನಿಲ್ಸಕ್ಕಾಗಲ್ಲ. ಮಡಿಲಿಗೆ ಹಾಕ್ಲೇಬೇಕು."

ಜನವರಿ 9, ಗುರುವಾರ

ಅನುಪಮಕ್ಕನಿಗೆ ಫೋನು ಮಾಡಿದೆ. ಅವರು ಹೇಳಿದ ಹಾಗೆ ಮಾಡಿದೆ. ಬಕೀಟನ್ನು ನೀರೊಳಗೆ ಮಗ್ಗುಲಾಗಿ ಮುಳುಗಿಸಿ ಅದರೊಳಗೆ ಪುರಿ ಬಿಟ್ಟೆ. ಮೀನು ಒಳಗೆ ಬರುವವರೆಗೆ ಕಾದೆ. ಕಾಲು ಮರಗಟ್ಟಿತು. ಕೊನೆಗೆ ಬಂತು. ನನ್ನನ್ನು ಯಾಕೆ ನಂಬುತ್ತದೋ. ನೀರು ಸಮೇತ ಎತ್ತಿ, ಹರಳುಪ್ಪು ಕರಗಿಸಿದ ನೀರನ್ನು ಹೇಳಿದ ಅಳತೆಯಷ್ಟು ಬೆರೆಸಿ, ಪಕ್ಕದಲ್ಲೇ ಕೂತೆ. ಅದು ಅಡ್ಡ ಬಿದ್ದರೆ ತಕ್ಷಣ ಬಿಟ್ಟುಬಿಡು ಅಂದಿದ್ದರು. ಬೀಳಲಿಲ್ಲ. ಮತ್ತೆ ಬಕೀಟು ಮುಳುಗಿಸಿದೆ, ಅದಾಗಿಯೇ ಹೊರಗೆ ಹೋಯಿತು. ಕೈ ತಾಗಲಿಲ್ಲ.

ಬಕೀಟು ಪ್ಲಾಸ್ಟಿಕ್ಕಿನದು. ಮೀನಿನ ರೆಕ್ಕೆ ಅದರ ಗೋಡೆಗೆ ಉಜ್ಜಿದಾಗ ಕಿವಿ ಮುಚ್ಚಿಕೊಳ್ಳಬೇಕು ಅನಿಸಿತು. ಎರಡು ಕೈಯೂ ಬಕೀಟಿನ ಹಿಡಿಯ ಮೇಲಿದ್ದವು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರಲು ಯಾರ ಮನೆಗೂ ಹೋಗಲಿಲ್ಲ, ವರ್ಷ ತುಂಬಿಲ್ಲ. ಸಣ್ಣಕ್ಕ ಮಾತ್ರ ಕಬ್ಬಿನ ತುಂಡು ತಂದು ಬಾಗಿಲಲ್ಲಿಟ್ಟು ಹೋದಳು.

ಇವತ್ತೂ ಬಕೀಟು. ಬಿಳಿ ಹತ್ತಿ ತೆಳುವಾಗಿದೆ. ಆದರೆ ಬೆಳ್ಳಿ ಕೊಂಡಿ ಚುಚ್ಚಿದ್ದ ರೆಕ್ಕೆ ಕೊಳೆತು ತುದಿಯೇ ಹೋಗಿದೆ. ಕೊಂಡಿ ಎಲ್ಲೋ ಬಿದ್ದಿದೆ, ಕಲ್ಯಾಣಿಯ ತಳದ ಕೆಸರಲ್ಲಿ. ಇನ್ನು ಅದನ್ನು ಗುರುತು ಹಿಡಿಯುವುದು ಹುಣ್ಣಿನಿಂದ ಮಾತ್ರ.

ಜನವರಿ 22, ಬುಧವಾರ

ಮಡಿಲಿಗೆ ಹಾಕಿದರೆ ಏನಾಗುತ್ತದೆ ಎಂದು ಅನುಪಮಕ್ಕನನ್ನು ಕೇಳಿದೆ. ನನಗೆ ದೇವರ ವಿಷಯ ಗೊತ್ತಿಲ್ಲ ಕಣಮ್ಮ ಅಂದರು. "ಹೊಸ ಲೋಳೆ ಈಗ ತಾನೇ ಕೂರ್ತಾ ಅದೆ, ಎಳೇ ಬಾಣಂತಿ ಮೈ ಇದ್ದಂಗೆ. ಈಗ ಸೀರೆಗೆ ಸುತ್ತಿ, ಹೊರಗಿಟ್ಟು, ಅರಿಶಿನ ತಿಕ್ಕುದ್ರೆ ಉಳಿಯಲ್ಲ. ಈ ಚಳಿ ದಾಟ್ಕಂತು ಅನ್ನು, ಆಮೇಲೆ ಅದರ ಮೈಯೇ ಈ ರೋಗನ ನೆನಪಿಟ್ಕಂಡ್ರೂ ಇಟ್ಕಂಬೋದು."

ಮೀನು ಸತ್ತರೆ ಅವ್ವನ ಮಟ್ಟಿಗೆ ಅರುಣ ಹೊಂಡದ ಅಂಚಿನಲ್ಲೇ ಉಳಿಯುತ್ತಾನೆ, ಪ್ರತಿ ದಿನ, ಉಗುರು ಎಳೆಯುತ್ತ. ಮೀನು ಬದುಕಬೇಕಾದರೆ ಅವ್ವನಿಗೆ ಹೇಳಬೇಕು. ಹೇಳಿದರೆ ಅವಳಿಗೆ ಸಿಕ್ಕಿರುವ ಮಗನ ಕೈಯನ್ನು ನಾನೇ ಕಿತ್ತುಕೊಂಡ ಹಾಗೆ.

ಜನವರಿ 25, ಶನಿವಾರ

ಹೇಳಲಿಲ್ಲ.

ಜನವರಿ 27, ಸೋಮವಾರ

ಹೇಳಿದೆ.

ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಹಿಟ್ಟಿನಕೋಲು ಕೈಯಲ್ಲಿರುವಾಗ ಅವಳು ತಿರುಗಿ ನೋಡುವುದಿಲ್ಲ, ಅದಕ್ಕೇ ಆ ಹೊತ್ತು ಆರಿಸಿಕೊಂಡೆ. ಆ ಗುರುತು ಅರುಣನದಲ್ಲ, ನಾನು ದಿನಾ ಹೋಗಿ ಎತ್ತಿ ಹಿಡಿಯುತ್ತಿದ್ದೆ, ಲೋಳೆ ಆಗುವುದಿಲ್ಲವೆಂದು ಒರೆಸುತ್ತಿದ್ದೆ, ಒರೆಸಿದ್ದಕ್ಕೇ ಹುಣ್ಣಾಗಿದ್ದು, ಬುಧವಾರ ನೀನು ಮಡಿಲಿಗೆ ಹಾಕಿಕೊಂಡರೆ ಸಾಯುತ್ತದೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವ್ವ ಮುದ್ದೆ ಕಟ್ಟಿದಳು. ತಟ್ಟೆಗೆ ಹಾಕಿದಳು. ಸಾರು ಬಿಟ್ಟಳು.

"ನಿನ್ ಕೈ ಅಂತ ಗೊತ್ತು ಕಣೆ" ಅಂದಳು.

ನನಗೆ ಅರ್ಥವಾಗಲಿಲ್ಲ.

"ಕಿರುಬೆರಳು ಸೊಟ್ಟ ಇದ್ದಿದ್ದು ಆವತ್ತೇ ಕಂಡ್ತು. ನಾನ್ ಹೆತ್ತಿದ್ದಲ್ವಾ, ಗೊತ್ತಾಗಲ್ವಾ? ಪೂಜಾರಿ ಯಾರ್ ಮುಟ್ಟಿದ್ದು ಯಾರ್ ಮುಟ್ಟಿದ್ದು ಅಂತ ಎಲ್ರು ಮಕಾನೂ ನೋಡ್ತಿದ್ದ. ಹಿಂದ್ಗಡೆ ನೀನು ಬಾಯ್ ಬುಡಕ್ಕೆ ನಿಂತಿದ್ದೆ. ನಾನು ಮಗನ್ ಕೈ ಅನ್ನದೇ ಹೋಗಿದ್ರೆ ಊರೋರು ನಿನ್ನ ಏನಂತಿದ್ರು? ತಮ್ಮನ್ನ ದಡ ಹತ್ತಕ್ಕೆ ಬುಡದೇ ಇದ್ದೋಳು ಅಂತಿದ್ರು."

ಹಾಗಾದರೆ ನಿದ್ದೆ ಬಂತು ಅಂದಿದ್ದೆಯಲ್ಲ ಅಂದೆ.

"ಬಂತು. ನೀನು ಮಧ್ಯಾಹ್ನ ಮಧ್ಯಾಹ್ನ ಎಲ್ಲೋಗ್ತೀಯ ಅಂತ ಗೊತ್ತಾಯ್ತಲ್ಲ. ಮೀನು ನೋಡಕ್ಕೆ ಅಂತ ನೀನ್ ಅಂದ್ರೂ, ನಾನೇನೋ ಹೊಂಡಕ್ಕೋಗ್ತೀಯ ಅನ್ಕಂಡಿದ್ದೆ." ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಉಣ್ಣು. ಒರೆಸಿದ್ರೆ ಸಾಯ್ತದೆ ಅನ್ನೋದು ಮಾತ್ರ ಗೊತ್ತಿರ್ಲಿಲ್ಲ. ಮೊದ್ಲೇ ಹೇಳಕ್ಕೆ ನಿಂಗೇನಾಗಿತ್ತೇ?"

ತಟ್ಟೆ ಎಳೆದುಕೊಂಡೆ. ಪೂರ್ತಿ ಉಂಡೆ.

ಜನವರಿ 29, ಬುಧವಾರ, ಅವರಾತ್ರಿ ಅಮಾವಾಸ್ಯೆ

ಬಿಸಿಲು ಏರಿದ ಮೇಲೆ ಹೋದೆವು. ಅವ್ವ ಹಸಿರು ಸೀರೆ ಉಟ್ಟಿದ್ದಳು. ಊರಿನ ಅರ್ಧ ಜನ ಮೆಟ್ಟಿಲ ಮೇಲೆ ಇದ್ದರು, ಕೈ ನೋಡಲು ಬಂದವರು. ಚಿಕ್ಕನರಸಯ್ಯ ಬಲೆ ಹಿಡಿದು ನಿಂತಿದ್ದ.

"ಬಲೆ ಬ್ಯಾಡ ಪೂಜಾರ್ರೇ" ಅಂದಳು ಅವ್ವ. "ನೀರೊಳಗೇ ಮಡಿಲು ತುಂಬ್ಕಂತೀನಿ."

"ಅದೆಂಗಾಯ್ತದೆ ಲಕ್ಷ್ಮಕ್ಕ? ಪದ್ಧತಿ ಅಂತ ಒಂದೈತೆ."

"ಮಡಿಲಿಗೆ ತುಂಬಿ ನೀರಿಗೆ ಬುಡ್ಬೇಕು ಅಂತ ತಾನೇ ಪದ್ಧತಿ? ಮೇಲಕ್ಕೆತ್ತು ಅಂತ ಯಾರ್ ಯೋಳವ್ರೆ?"

ಯಾರೋ ಹಿಂದಿನಿಂದ, "ಅವ್ನು ಬಂದು ಕೈ ಬೇರೆ ಇಟ್ಟವ್ನೆ, ಸರ್ಯಾಗ್ ಮಾಡ್ಸಿ" ಎಂದು ಕೂಗಿದರು. ಆಗ ನಾನು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಉಗುರು ಇಳಿಯಿತು. ಬಾಯಿ ಮುಚ್ಚಿದೆ. ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಹೀಗೂ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಪೂಜಾರಿ ಬಲೆಯನ್ನು ಗೋಡೆಗೆ ಒರಗಿಸಿ, "ಗಂಗಮ್ಮ ಒಪ್ಪುದ್ರೆ ನಾನ್ಯಾರು? ಇಳೀರಿ" ಅಂದ.

ಅವ್ವ ಮಣಿಕಟ್ಟು ಬಿಡಲಿಲ್ಲ. ನನ್ನನ್ನೂ ಎಳೆದುಕೊಂಡೇ ಇಳಿದಳು. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ. ಕಾಲಡಿಯಲ್ಲಿ ಲೋಳೆ ಜಾರಿದಾಗ ನಾನು ನಿಂತುಬಿಟ್ಟೆ. ಅವಳು ನಿಲ್ಲಲಿಲ್ಲ. ಸೊಂಟದವರೆಗೆ ನೀರಿಗೆ ಹೋಗಿ ಸೆರಗನ್ನು ನೀರೊಳಗೆ ಹರಡಿದಳು, ಅವಳ ಒಂದು ಕೈಯಲ್ಲಿ ಸೆರಗಿನ ಒಂದು ತುದಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾನು ಪುರಿ ಉದುರಿಸಿದೆ.

ನಿಂತೆವು. ಮೇಲೆ ಯಾರೋ ಕೆಮ್ಮಿದರು. ಅವ್ವನ ಹಲ್ಲು ಕಟಕಟ ಅನ್ನುತ್ತಿತ್ತು. ನೀರು ಹಸಿರಾಗಿ, ತಳ ಕಾಣದ ಹಾಗಿತ್ತು. ಸೆರಗಿನ ಕೆಳಗೆ ಏನೋ ಒಂದು ಸಲ ನನ್ನ ಮಂಡಿಗೆ ತಾಗಿ ಹೋಯಿತು. ಕೂಗಲಿಲ್ಲ.

ಆಮೇಲೆ ಮೀನುಗಳು ಬಂದವು. ಒಂದಲ್ಲ, ನಾಲ್ಕೈದು. ಪುರಿಗೆ ಬಾಯಿ ಹಾಕುತ್ತ ಸೆರಗಿನ ಒಳಗೆ ಹೊರಗೆ ಸುತ್ತಿದವು. ಅದರಲ್ಲಿ ಅರುಣನ ಮೀನು ಇತ್ತು ಎಂದು ನಾನು ಬರೆಯಲಾರೆ. ಕೊಂಡಿ ಇರಲಿಲ್ಲ, ನೀರು ಕದಡಿತ್ತು, ನನ್ನ ಕಣ್ಣೂ ಸರಿ ಇರಲಿಲ್ಲ.

"ಬಂದ" ಅಂದಳು ಅವ್ವ.

ಸೆರಗಿನ ತುದಿಯನ್ನು ಅವಳೇ ಬಿಟ್ಟಳು. ಆಮೇಲೆ ನನ್ನ ಮಣಿಕಟ್ಟು ಬಿಟ್ಟಳು. ನಾಲ್ಕು ಗುರುತು ಒಂದು ಕಡೆ, ಹೆಬ್ಬೆಟ್ಟಿನದು ಇನ್ನೊಂದು ಕಡೆ. ಈಗಲೂ ಇವೆ.

ಫೆಬ್ರುವರಿ 16, ಭಾನುವಾರ

ಬಿಸಿಲು ಕಾಯುತ್ತಿದೆ. ಬಹಳ ದಿನದಿಂದ ಬರೆದಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಕಲ್ಯಾಣಿಯಲ್ಲಿ ಅದು ಕಂಡಿತು. ಇದೆ. ಹುಣ್ಣು ಮುಚ್ಚಿ ಹೊಸ ಹುರುಪೆ ಬಂದಿದೆ, ಬಣ್ಣ ಮಾತ್ರ ಬಂದಿಲ್ಲ. ನಾಲ್ಕು ಬೆಳ್ಳನೆಯ ಗೆರೆ, ಕಡೆಯದು ಸೊಟ್ಟ. ಪುರಿ ಹಾಕಿದೆ. ಉಳಿದವು ಬಂದವು. ಅದು ನನ್ನ ಕೈ ಕಂಡ ಕೂಡಲೇ ಒಂದು ಮಾರು ದೂರ ಸರಿದು ಅಲ್ಲೇ ನಿಂತಿತು. ಕೈ ತೆಗೆದ ಮೇಲೆ ಬಂದು ತಿಂದಿತು. ನನ್ನನ್ನು ನೆನಪಿಟ್ಟುಕೊಂಡಿದೆ. ಒಳ್ಳೆಯದಾಯಿತು.

ಮಾರ್ಚ್ 12, ಬುಧವಾರ, ಹೊಳವನಹಳ್ಳಿ

ಅನುಪಮಕ್ಕನ ಹತ್ತಿರ ಕೆಲಸಕ್ಕೆ ಸೇರಿ ಎರಡು ವಾರವಾಯಿತು. ಇವತ್ತು ಪಾವಗಡದ ಕಡೆಯ ಒಂದು ಕೆರೆಗೆ ಮರಿ ಕಳಿಸುವುದಿತ್ತು. ಬೆಳಗಿನಿಂದ ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಮರಿ ಬಿಟ್ಟು, ಆಕ್ಸಿಜನ್ ಹಿಡಿದು, ರಬ್ಬರ್ ಬ್ಯಾಂಡ್ ಬಿಗಿದು, ಕಟ್ಟಿ ಕಟ್ಟಿ ಬೆರಳಿನ ಸಿಪ್ಪೆ ಹೋಗಿದೆ. ಕವರುಗಳನ್ನು ಒಂದರ ಮೇಲೊಂದು ಒತ್ತಿ ಲಾರಿಯಲ್ಲಿ ಜೋಡಿಸಿದೆವು. "ಏನೇ ರಂಜಿ, ಕೆಲಸದ ಮಧ್ಯೆ ಹಾಡ್ ಬೇರೆ ಹೇಳ್ತೀಯ" ಎಂದು ಅನುಪಮಕ್ಕ ಅಂದರು. ನಾನು ಹಾಡುತ್ತಿದ್ದುದು ನನಗೆ ಗೊತ್ತಿರಲಿಲ್ಲ.

ಸಂಜೆ ಅವ್ವನ ಫೋನು ಬಂತು. ಅಪ್ಪ ಊರಿಗೆ ಬಂದಿದ್ದಾನಂತೆ. ಕಲ್ಯಾಣಿಗೆ ಕರೆದುಕೊಂಡು ಹೋಗಿದ್ದಳಂತೆ. ಮೊದಲು ಮೇಲಿನ ಮೆಟ್ಟಿಲಲ್ಲೇ ಕೂತಿದ್ದನಂತೆ, ಆಮೇಲೆ ತಾನಾಗೇ ಕೆಳಗೆ ಇಳಿದನಂತೆ.

"ಐದು ಬೆರಳಿಂದು ಕಾಲತ್ರಕ್ಕೇ ಬಂದಿತ್ತು ಕಣೆ. ನಿಮ್ಮಪ್ಪ ಕೈ ಹಾಕಕ್ಕೋದ. ಕೈ ಹಿಡ್ಕಂಡೆ."

"ಮತ್ತೆ?"

"ಮತ್ತೇನು? ಮುಟ್ಲಿಲ್ಲ. ಇಬ್ರೂ ನೋಡ್ಕಂಡು ಕೂತಿದ್ವಿ."

ಕೈ ತೊಳೆಯದೆ ಬರೆಯುತ್ತಿದ್ದೇನೆ. ಪುಟದ ಅಂಚಿಗೆ ಲೋಳೆ ಹತ್ತಿದೆ. ಇರಲಿ, ಒರೆಸುವುದಿಲ್ಲ.